ಐತಪ್ಪಣ್ಣ ಕೊಡೆ ಮುಚ್ಚಿದ ಗಳಿಗೆ

ಮೊನ್ನೆ ಆ ಪಟ್ಟಣದಿಂದ ಬಂದ ಒಬ್ಬರು ಹೇಳಿದರು, ಈಗ ಅಲ್ಲಿ ಮೂಲೆಮೂಲೆಗೂ ಬಾಣದ ಗುರುತಿನ ಹಲಗೆ ನೆಟ್ಟಿದ್ದಾರಂತೆ. ಬಂದರಿಗೆ ಹೀಗೆ, ಪೇಟೆಗೆ ಹಾಗೆ, ಕಡಲದಂಡೆಗೆ ನೇರ. ಹೊರಗಿನವರು ತಲೆ ಎತ್ತಿ ಓದಿಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಾರಂತೆ, ಯಾರನ್ನೂ ಮಾತಾಡಿಸುವ ರಗಳೆಯೇ ಇಲ್ಲವಂತೆ. ಎಷ್ಟು ಅನುಕೂಲವಾಯಿತು ನೋಡಿ ಎಂದರು. ಅನುಕೂಲವಾಯಿತು, ನಾನೇನು ಇಲ್ಲವೆನ್ನುವುದಿಲ್ಲ. ಆದರೆ ನಾನು ಹೋದ ಕಾಲಕ್ಕೆ ಆ ಹಲಗೆಗಳು ಇದ್ದಿದ್ದರೆ ನನಗೆ ನಾಲ್ಕು ಗಂಟೆಯ ಹಡಗು ಸಿಗುತ್ತಿತ್ತು, ಅಕ್ಕ ಸಿಗುತ್ತಿರಲಿಲ್ಲ.

ನಮ್ಮದು ಕಡಲಿಗೆ ಬಲು ದೂರದ ಹತ್ತಿಯ ಸೀಮೆ. ಅಪ್ಪ ದೀಪದ ಬತ್ತಿ ಹೊಸೆಯುವ ಕೆಲಸ ಮಾಡುತ್ತಿದ್ದರು. ಮನೆಯ ದೀಪಕ್ಕೆ ಹಾಕುವ ಬತ್ತಿಯಲ್ಲ, ಕಡಲಿನ ದೀಪಸ್ತಂಭಗಳಿಗೆ ಹೋಗುವ ಅಂಗೈಯಗಲದ ಬತ್ತಿ. ಅದನ್ನು ಕೊಳ್ಳಲು ವರ್ಷಕ್ಕೊಮ್ಮೆ ಬರುತ್ತಿದ್ದ ದೀಪದ ಸಂಜೀವ ಎಂಬಾತನ ಹಿಂದೆ ನಮ್ಮ ಪದ್ದಕ್ಕ ಒಂದು ದಿನ ಆ ಬಂದರಿನ ಪಟ್ಟಣಕ್ಕೆ ಹೊರಟೇಬಿಟ್ಟಳು. ಪದ್ಮಾವತಿ ಅವಳ ಪೂರ್ತಿ ಹೆಸರು. ನನಗಿಂತ ಎಂಟು ವರ್ಷ ದೊಡ್ಡವಳು, ಅವ್ವ ಹೋದ ಮೇಲೆ ನನ್ನನ್ನು ಮೀಯಿಸಿ, ಉಣ್ಣಿಸಿ, ಬೈದು ಬೆಳೆಸಿದವಳು. ಹೋಗಿ ಒಂದು ತಿಂಗಳಿಗೆ ಅವಳಿಂದ ಕಾಗದ ಬಂತು. ಅಪ್ಪನಿಗೆ ಅಕ್ಷರ ಬಾರದು. ನನ್ನನ್ನು ಕೂರಿಸಿಕೊಂಡು ಉತ್ತರ ಬರೆಸಿದರು. ಆಗ ನನಗೆ ಹದಿನಾಲ್ಕು. ಅವರು ಹೇಳಿದರು, ನಾನು ಬರೆದೆ: 'ಈ ಮನೆಯಲ್ಲಿ ನಿನ್ನ ಹೆಸರು ಹೇಳುವವರು ಯಾರೂ ಉಳಿದಿಲ್ಲ.' ಕೆಳಗೆ ನನ್ನ ಸಹಿಯನ್ನೂ ಹಾಕಿಸಿದರು. ಅವಳೇ ಕೈ ಹಿಡಿದು ತಿದ್ದಿಸಿದ ಅಕ್ಷರದಲ್ಲಿ ಅವಳಿಗೇ ಹೀಗೆ ಬರೆದೆನಲ್ಲ, ಆ ಪಾಪಿ ಕೈಯನ್ನು ಆಮೇಲೆ ಎಷ್ಟು ಸಲ ಗೋಡೆಗೆ ಗುದ್ದಿಕೊಂಡಿದ್ದೇನೋ ಲೆಕ್ಕವಿಲ್ಲ. ಅವಳ ಕಾಗದ ಮತ್ತೆ ಬರಲಿಲ್ಲ. ಮನೆಯಲ್ಲಿ ಏಳು ವರ್ಷ ನಿಜಕ್ಕೂ ಯಾರೂ ಆ ಹೆಸರು ಎತ್ತಲಿಲ್ಲ.

ಏಳನೆಯ ವರ್ಷ ಅಪ್ಪ ತೀರಿಕೊಂಡರು. ವಿಷಯ ಹೇಗೋ ಭಾವ ಸಂಜೀವನ ಕಿವಿಗೆ ಬಿದ್ದು, ಅವನು ನನ್ನ ಹೆಸರಿಗೆ ಒಂದು ಕಾರ್ಡು ಹಾಕಿದ. ನಡುಗಡ್ಡೆಯ ದೀಪಸ್ತಂಭಕ್ಕೆ ವರ್ಗವಾಗಿದೆ, ಬರುವ ಬುಧವಾರ ನಾಲ್ಕು ಗಂಟೆಯ ಹಡಗಿಗೆ ಹೊರಡುತ್ತೇವೆ, ಹೋದರೆ ಎಷ್ಟು ವರ್ಷವೋ ಗೊತ್ತಿಲ್ಲ, ಕಾರ್ಡು ಹಾಕಿದ್ದು ಪದ್ಮನಿಗೆ ತಿಳಿಯದು, ಮನೆ ಉಪ್ಪಿನ ಗೋದಾಮಿನ ಹಿಂದೆ. ಇಷ್ಟೇ. ಕಾರ್ಡು ಕೈಗೆ ಸಿಕ್ಕಿದ್ದು ಮಂಗಳವಾರ. ಉಟ್ಟ ಬಟ್ಟೆಯಲ್ಲೇ ಸ್ಟೇಷನ್ನಿಗೆ ಓಡಿದೆ. 'ಅಕ್ಕಾ, ಅಕ್ಷರ ನನ್ನದು, ಮಾತು ನನ್ನದಲ್ಲ' ಎಂದು ಹೇಳಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ರೈಲಿನಲ್ಲಿ ಅದನ್ನೇ ಬಾಯಿಪಾಠ ಮಾಡುತ್ತ ಕುಳಿತೆ.

ರೈಲು ಪಟ್ಟಣದವರೆಗೆ ಹೋಗುವುದಿಲ್ಲ, ನದಿಯ ಈಚೆ ದಡದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಲಾಂಚು. ಬಾಯಿಗೆ ಉಪ್ಪಿನ ರುಚಿ ಹತ್ತುವಷ್ಟರಲ್ಲಿ ಆಚೆ ದಡದ ಕೆಂಪು ಹೆಂಚಿನ ಮಾಡುಗಳು, ಗುಡ್ಡದ ಮೇಲಿನ ಇಗರ್ಜಿ, ಅದರಾಚೆ ಕಡಲು ಎಲ್ಲ ಒಟ್ಟಿಗೆ ಕಂಡವು. ನಾನು ಕಡಲು ನೋಡಿದ್ದು ಅದೇ ಮೊದಲು. ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳು ಯಾಕೆ ಹೇಳಲಿ. ದಡದಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಪೆಟ್ಟಿಗೆ ಹೊತ್ತ ಗಂಡಸೊಬ್ಬನನ್ನು ಲಾಂಚಿನ ಬುಡದವರೆಗೂ ಕರೆತಂದು ನಿಲ್ಲಿಸಿ, ಯಾರಿಗೋ ಸಾಕ್ಷಿ ಹೇಳುವವಳಂತೆ ದೊಡ್ಡ ದನಿಯಲ್ಲಿ, "'ಲಾಂಚು ಎಲ್ಲಿ ನಿಲ್ಲುತ್ತೆ' ಅಂತ ಕೇಳಿದ್ರು. ತಲುಪಿಸಿದೆ" ಎಂದು ಹೇಳಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಪಕ್ಕದಲ್ಲಿದ್ದ ಮುದುಕರು ನನ್ನ ಮುಖ ನೋಡಿ ನಕ್ಕರು. "ಹೊಸಬರಾ? ಇಲ್ಲಿ ದಾರಿ ಹೇಳುವ ಕ್ರಮ ಇಲ್ಲ. ಜೊತೆಗೆ ಬರುವ ಕ್ರಮ ಉಂಟು. ಕೇಳಿದ್ದೆಲ್ಲಿಗೋ ಅಲ್ಲಿವರೆಗೂ ಬರ್ತಾರೆ. ಯೋಚನೆ ಮಾಡಿ ಕೇಳಿ, ಆಯ್ತಾ?"

ಯೋಚನೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗಲೇ ಹನ್ನೊಂದು ಗಂಟೆ. ಪೇಟೆಯೊಳಗೆ ಹೋದರೆ ಇನ್ನೊಂದು ಚೋದ್ಯ. ಮಳೆಯಿಲ್ಲ, ಸುಡುವ ಬಿಸಿಲೂ ಇಲ್ಲ, ಹಿತವಾದ ಚಳಿಗಾಲದ ದಿನ. ಆದರೂ ಅರ್ಧಕ್ಕರ್ಧ ಜನ ಕೊಡೆ ಬಿಚ್ಚಿಕೊಂಡು ನಡೆಯುತ್ತಿದ್ದಾರೆ. ಡಾಕ್ಟರು ಕೊಡೆಯಡಿಯಲ್ಲಿ, ಸೂಲಗಿತ್ತಿ ಕೊಡೆಯಡಿಯಲ್ಲಿ, ಮದುವೆಗೆ ಹೊರಟ ಮದುಮಗನ ಮೇಲಂತೂ ಎರಡೆರಡು ಕೊಡೆ. ಕೊಡೆ ಬಿಚ್ಚಿದ್ದವರನ್ನು ಕೇಳಿದರೆ ಅವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಹೋಗಿಬಿಡುತ್ತಿದ್ದರು. ಮೂವರು ಹೀಗೆ ಹೋದ ಮೇಲೆ ನನಗೆ ಅಳು ಬರುವುದೊಂದು ಬಾಕಿ.

ಗಡಿಯಾರದ ಕಟ್ಟೆಯ ಎದುರು ಕೊಡೆ ರಿಪೇರಿಯ ಒಂದು ಅಂಗಡಿ. ಐವತ್ತರ ಆಸುಪಾಸಿನ, ಬೊಕ್ಕತಲೆಯ, ಕಿವಿಯ ಮೇಲೆ ಸೂಜಿದಾರ ಸಿಕ್ಕಿಸಿಕೊಂಡ ಒಬ್ಬರು ಬೀದಿಗೆ ಬಂದು ಕೊಡೆಯೊಂದನ್ನು ಬಿಚ್ಚಿ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೋಡಿ, ಪಟಕ್ಕನೆ ಮುಚ್ಚಿದರು. ಆ ಗಳಿಗೆಗೆ ಸರಿಯಾಗಿ ನಾನು ಅವರ ಮುಂದೆ ಹೋಗಿ ನಿಂತೆ. ಏಳು ವರ್ಷ ಬಾಯಿಗೆ ಬಾರದಿದ್ದ ಹೆಸರು. ದನಿ ಎಲ್ಲೆಲ್ಲೋ ಹೋಗಿ ಬೇಕಾದ್ದಕ್ಕಿಂತ ಜೋರಾಯಿತು. "ಸ್ವಾಮೀ, ನಮ್ಮ ಪದ್ದಕ್ಕನ ಹತ್ರ ನನ್ನ ಕರ್ಕೊಂಡು ಹೋಗ್ತೀರಾ? ದೀಪದ ಸಂಜೀವಣ್ಣನ ಹೆಂಡ್ತಿ, ನಮ್ಮ ಪದ್ದಕ್ಕ!" ಪೇಟೆಯ ಮಂದಿ ತಿರುಗಿ ನೋಡಿದರು.

ಅವರು ಕೈಯಲ್ಲಿದ್ದ ಮುಚ್ಚಿದ ಕೊಡೆ ನೋಡಿದರು, ನನ್ನನ್ನು ನೋಡಿದರು. ಅಂಗಡಿಯೊಳಗಿಂದ ಅವರ ಹೆಂಡತಿ ಕಲ್ಯಾಣಿಯಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಕರ್ಮವೇ! ಬೀದಿಯಲ್ಲಿ ಕೊಡೆ ಮುಚ್ಚಿದ್ದು ಎಂತಕ್ಕೆ ಮಾರಾಯ್ರೆ?"

"ಸ್ಪ್ರಿಂಗ್ ನೋಡಿದ್ದು ಮಾರಾಯ್ತಿ."

"ಸ್ಪ್ರಿಂಗ್ ಒಳಗೆ ಕೂತು ನೋಡ್ಲಿಕ್ಕೆ ಆಗುದಿಲ್ವಾ? ನೀವಾದ್ರೂ ತಮ್ಮಾ, 'ಬಂದರು ಎಲ್ಲಿ' ಅಂತ ಕೇಳಬಾರದಿತ್ತಾ? 'ಪೋಸ್ಟಾಫೀಸು ಎಲ್ಲಿ' ಅಂತ ಕೇಳಬಾರದಿತ್ತಾ? ಎಲ್ಲ ಬಿಟ್ಟು ಅಕ್ಕನ ಹತ್ರ ಅಂತ ಕೇಳಿದ್ರಲ್ಲ!" ನನಗೆ ಒಂದೂ ಅರ್ಥವಾಗಲಿಲ್ಲ. ಆ ಮನುಷ್ಯರು, ಹೆಸರು ಐತಪ್ಪ, ಸೂಜಿಯನ್ನು ಅಂಗಡಿಯ ಬಾಗಿಲಿಗೆ ಚುಚ್ಚಿ, ಚಪ್ಪಲಿ ಮೆಟ್ಟಿ, "ಕೊಡೆ ಬಿಚ್ಚಿದವರನ್ನು ದಾರಿ ಕೇಳುವ ಹಾಗಿಲ್ಲ, ಮುಚ್ಚಿದ್ದು ನನ್ನ ತಪ್ಪು. ಬನ್ನಿ, ಹೋಗುವ" ಎಂದರು.

ಭಾವನ ಕಾರ್ಡು ತೋರಿಸಿದೆ. ಉಪ್ಪಿನ ಗೋದಾಮು ಐತಪ್ಪಣ್ಣನಿಗೆ ಗೊತ್ತು, ಹಿಂದಿನ ಓಣಿಗಳು ಗೊತ್ತಿಲ್ಲ. ಆದ್ದರಿಂದ ಅವರು ಬ್ರೆಡ್ಡು ಮಾರುವ ಕ್ಲಾರಾಬಾಯಿಯನ್ನು ಕೇಳಿದರು. ತಲೆಯ ಮೇಲೆ ಬುಟ್ಟಿ ಹೊತ್ತವಳು ಕೊಡೆ ಹಿಡಿಯುವುದಾದರೂ ಹೇಗೆ? ಅವಳು ನಿಟ್ಟುಸಿರು ಬಿಟ್ಟು ನಮ್ಮ ಜೊತೆ ಹೊರಟಳು. ಹೊರಟಳು ಸರಿ, ಆದರೆ ನಡುವೆ ಸಿಕ್ಕ ಮನೆಮನೆಗೂ ಬ್ರೆಡ್ಡು ಕೊಡುತ್ತ, ಬಾಣಂತಿಯ ಯೋಗಕ್ಷೇಮ ಕೇಳುತ್ತ, ಇಗರ್ಜಿಯ ಮುಂದೆ ನಿಂತು ಕೈಮುಗಿಯುತ್ತ ನಡೆದಳು. ನನಗೆ ಮೈಯೆಲ್ಲ ಉರಿ. ಅವಳು ಮಾತ್ರ ನನ್ನ ಮುಖವನ್ನೇ ನೋಡಿ, "ನೀವು ಪದ್ಮಕ್ಕನ ತಮ್ಮನಾ? ಮೂಗು ಹಾಗೇ ಉಂಟು" ಎಂದಳು. ಆಮೇಲೆ ಹೇಳಿದಳು: "ನಿಮ್ಮ ಅಕ್ಕ ಈ ಊರಲ್ಲಿ ಏಳು ವರ್ಷ ಕೊಡೆ ಹಿಡಿಯಲೇ ಇಲ್ಲ ಮಾರಾಯ್ರೆ. ಮಳೆಗಾಲದಲ್ಲಿ ಸಹ ತಲೆಗೆ ಎಲೆಯ ಗೊರಬೆ ಹೊದ್ದುಕೊಳ್ಳುವುದು. ರೈಲು ಬರುವ ಹೊತ್ತಿಗೆ ಲಾಂಚಿನ ಹತ್ರ ಹೋಗಿ ನಿಲ್ಲುವುದು. ಕೇಳಿದವರನ್ನೆಲ್ಲ ತಲುಪಿಸಿ ಬರುವುದು. ನಿಮ್ಮ ಊರಿಂದ ಯಾರಾದ್ರೂ ಬಂದು ದಾರಿ ಕೇಳ್ತಾರೋ ಅಂತ ಅವಳಿಗೊಂದು ಮರ್ಲು, ಒಂದು ಹುಚ್ಚು." ನನ್ನ ಉರಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮನೆಗೆ ಬೀಗ ಹಾಕಿತ್ತು. ಪಕ್ಕದವರು, ಬೆಳಿಗ್ಗೆಯೇ ಸಾಮಾನು ಕಟ್ಟಿಕೊಂಡು ಹೋದರು, ನಡುಗಡ್ಡೆಯ ಹಡಗು ಈಗ ಹಳೇ ಬಂದರಿನಿಂದ ಬಿಡುವುದಿಲ್ಲ, ಬಡಗಣ ತುದಿಯ ಹೊಸ ಹಡಗುಕಟ್ಟೆಯಿಂದ ಬಿಡುತ್ತದೆ ಎಂದರು. ಕ್ಲಾರಾಬಾಯಿ ಆ ಬೀಗದ ಎದುರು ನಿಂತು, "'ಗೋದಾಮಿನ ಹಿಂದಿನ ಸಂಜೀವಣ್ಣನ ಮನೆ' ಅಂತ ಕೇಳಿದ್ರು. ತಲುಪಿಸಿದೆ" ಎಂದು ಹೇಳಿ, ನನ್ನ ಕೈಗೊಂದು ಬ್ರೆಡ್ಡು ತುರುಕಿ ಹೋದಳು. ಅವಳ ಪಾಲಿನದು ಅಲ್ಲಿಗೆ ಮುಗಿಯಿತು. ಐತಪ್ಪಣ್ಣ ಮಾತ್ರ ಬಸ್ಸಿನ ಕಡೆ ಹೆಜ್ಜೆ ಹಾಕಿದರು.

ಆ ಊರಿನ ಬಸ್ಸುಗಳಲ್ಲಿ ಡ್ರೈವರನ ತಲೆಯ ಮೇಲೆ ಒಂದು ಪುಟ್ಟ ಕೊಡೆ ಸದಾ ಬಿಚ್ಚಿರುತ್ತಿತ್ತು. ಹಿಂದೊಮ್ಮೆ ಯಾರೋ ಡ್ರೈವರನನ್ನೇ ದಾರಿ ಕೇಳಿ, ಅವನು ತುಂಬಿದ ಬಸ್ಸಿನ ಸಮೇತ ಅವರನ್ನು ಬೀಗರ ಮನೆಗೆ ತಲುಪಿಸಿದ್ದನಂತೆ. ಬೀಗರು ಅಷ್ಟೂ ಜನಕ್ಕೆ ಪಾನಕ ಕೊಟ್ಟರಂತೆ. ಐತಪ್ಪಣ್ಣ ಇದನ್ನು ಹೇಳಿ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ, ಕಣ್ಣೆಲ್ಲ ಕಂಡಕ್ಟರನ ಕೈಗಡಿಯಾರದ ಮೇಲೆ. ಇಳಿದಾಗ ಮೂರೂಮುಕ್ಕಾಲು. ರಸ್ತೆಯ ತುದಿಯಲ್ಲೇ ಹಡಗು. ಹೊಗೆ ಏಳುತ್ತಿದೆ, ಏಣಿ ಇನ್ನೂ ಎತ್ತಿಲ್ಲ. ಓಡಿದರೆ ಐದು ನಿಮಿಷ.

ಆಗ ಯಾರೋ ನನ್ನ ಮೊಣಕೈ ಹಿಡಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ, ಇನ್ನೊಂದರಲ್ಲಿ ನೀರು ಸುರಿಯುತ್ತಿದ್ದ ಮುದುಕ. "ಕಣ್ಣಿನ ಆಸ್ಪತ್ರೆ ಎಲ್ಲಿ ಮಗಾ? ನಾಲ್ಕಕ್ಕೆ ಬಾಗಿಲು ಹಾಕ್ತಾರಂತೆ."

ನಾನು ಐತಪ್ಪಣ್ಣನ ಮುಖ ನೋಡಿದೆ. "ನಿಮ್ಮನ್ನು ಕೇಳಿದ್ದು" ಎಂದರು ಅವರು ಮೆಲ್ಲಗೆ.

"ನಾನು ಈ ಊರಿನವನಲ್ಲ!"

"ಅಲ್ಲ. ಬೇಕಾದ್ರೆ ಬೆರಳು ತೋರಿಸಿ ಹೋಗಿ, ಆಸ್ಪತ್ರೆ ಆ ಹಳದಿ ಕಟ್ಟಡದ ಹಿಂದೆ. ನಾನು ಎಂತದೂ ಹೇಳುವುದಿಲ್ಲ."

ಹಾಳಾಗಿಹೋಗಲಿ, ಬೆರಳು ಎತ್ತಿದ್ದೆ ಕೂಡ. ಆದರೆ ಆ ಮುದುಕ ನನ್ನ ಬೆರಳು ನೋಡುವ ಹಾಗೆ ಎಲ್ಲಿದ್ದ? ಅವನ ಕೈ ನನ್ನ ಮೊಣಕೈಯನ್ನು ನಂಬಿ ಹಿಡಿದುಕೊಂಡಿತ್ತು. ಕಾಣದ ಕಣ್ಣಿನವನಿಗೆ ಬಾಣ ತೋರಿಸಿ ಹೋಗುವಷ್ಟು ಗಟ್ಟಿಗ ನಾನಲ್ಲ. ನಡೆದೆ. ಬೈದುಕೊಳ್ಳುತ್ತ, ಹಲ್ಲು ಕಡಿಯುತ್ತ, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದೆ. ಆಸ್ಪತ್ರೆಯ ಜವಾನ ಬಾಗಿಲಿಗೆ ಕೈ ಹಾಕಿದ್ದ. ನಾನು ತೊದಲುತ್ತ, "'ಕಣ್ಣಿನ ಆಸ್ಪತ್ರೆ ಎಲ್ಲಿ' ಅಂತ ಕೇಳಿದ್ರು. ತಲುಪಿಸಿದೆ" ಎಂದೆ. ಜವಾನ ಬಾಗಿಲು ಮತ್ತೆ ತೆರೆದು ಮುದುಕನನ್ನು ಒಳಗೆ ಕರೆದುಕೊಂಡ. ಅಲ್ಲಿಂದ ಓಡಿದೆ ನೋಡಿ, ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಹಡಗುಕಟ್ಟೆ ಮುಟ್ಟಿದಾಗ ಹಡಗು ಹೆಬ್ಬೆರಳಿನಷ್ಟು ಕಾಣುತ್ತಿತ್ತು.

ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಸಿದು ಅತ್ತೆ. ಹಿಂದೆ ಏದುಸಿರು ಬಿಡುತ್ತ ಬಂದ ಐತಪ್ಪಣ್ಣನ ಮೇಲೆ ಹರಿಹಾಯ್ದೆ. "ನಿಮ್ಮ ಊರಿಗೂ ಬೆಂಕಿ ಬೀಳ, ನಿಮ್ಮ ಕ್ರಮಕ್ಕೂ ಬೆಂಕಿ ಬೀಳ! ಬಾಯಲ್ಲಿ ಒಂದು ಮಾತು ದಾರಿ ಹೇಳಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹೋಗಿ, ನಿಮ್ಮ ಅಂಗಡಿಗೆ ಹೋಗಿ!" ಅವರು ನನ್ನ ಪಕ್ಕದಲ್ಲಿ ಕುಳಿತು ಬೆವರು ಒರೆಸಿಕೊಂಡರು. "ಹೇಗೆ ಹೋಗುವುದು? ನಾನಿನ್ನೂ ತಲುಪಿಸಲಿಲ್ಲವಲ್ಲ" ಎಂದರು. "ನೀವು ಹಡಗುಕಟ್ಟೆ ಕೇಳಿದ್ರಾ? ಇಲ್ಲ. ಮನೆ ಕೇಳಿದ್ರಾ? ಅದೂ ಇಲ್ಲ. ಪದ್ದಕ್ಕನ ಹತ್ರ ಅಂತ ಕೇಳಿದ್ರಿ. ಮುಂದಿನ ಹಡಗು ಹನ್ನೊಂದು ದಿನಕ್ಕೆ. ಹೋಗುವ."

ನಾನು ಬೇಡವೆಂದೆ, ಕೈಮುಗಿದೆ, ಕೇಳಿದ್ದನ್ನು ವಾಪಸು ತೆಗೆದುಕೊಂಡೆನೆಂದೆ. ಕೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಕ್ರಮ ಅಲ್ಲಿಲ್ಲ. ಕಲ್ಯಾಣಿಯಮ್ಮ ಸುದ್ದಿ ಕೇಳಿ ಗಂಡನಿಗೆ ಒಂದು ಗಂಟೆ ಬೈದರು. ಬೈದು ಮುಗಿದ ಮೇಲೆ ನನಗೆ ನೀರು ಕಾಯಿಸಿ ಮೀಯಲು ಕೊಟ್ಟರು.

ಆ ಹನ್ನೊಂದು ದಿನ! ನೆನೆದರೆ ಈಗಲೂ ಕಾಲಿಗೆ ಆ ಮರಳು ಹತ್ತಿದಂತಾಗುತ್ತದೆ. ತಲುಪಿಸುವವರೆಗೆ ಅಂಗಡಿಯಲ್ಲಿ ಕೂರುವಂತಿಲ್ಲ, ಹಾಗಾಗಿ ಐತಪ್ಪಣ್ಣನ ಅಂಗಡಿ ಮುಚ್ಚಿತು. ಮುರಿದ ಕೊಡೆ ಹಿಡಿದು ಬಂದವರು "ದಾರಿಯಲ್ಲಿದ್ದೀರಾ? ಎಲ್ಲಿಗೆ?" ಎಂದು ಕೇಳಿ, ನಡುಗಡ್ಡೆಗೆ ಎಂದರೆ "ಅಬ್ಬಬ್ಬಾ!" ಎಂದು ಹೋಗುತ್ತಿದ್ದರು. ನಾವಿಬ್ಬರೂ ಕೆಲಸವಿಲ್ಲದ ರಾಜರ ಹಾಗೆ ಊರು ಸುತ್ತಿದೆವು. ಬೆಳಿಗ್ಗೆ ಬಲೆ ಎಳೆಯುವವರ ಜೊತೆ ಸೇರಿ ನಾನೂ ಹಗ್ಗ ಎಳೆದೆ. ಹೆಂಚಿನ ಕಾರ್ಖಾನೆಯಲ್ಲಿ ಒದ್ದೆ ಹೆಂಚಿನ ಮೇಲೆ ಹೆಸರು ಗೀಚಿದೆ. ಸುಮ್ಮಸುಮ್ಮನೆ ಲಾಂಚು ಹತ್ತಿ ಆಚೆ ದಡಕ್ಕೆ ಹೋಗಿ ಅದೇ ಲಾಂಚಿನಲ್ಲಿ ಈಚೆಗೆ ಬಂದೆವು. ಅಕ್ಕ ನಿಲ್ಲುತ್ತಿದ್ದ ಕಂಬವನ್ನು ಕ್ಲಾರಾಬಾಯಿ ತೋರಿಸಿದಳು. ದಿನವೂ ರೈಲು ಬರುವ ಹೊತ್ತಿಗೆ ನಾನು ಅದಕ್ಕೆ ಒರಗಿ ನಿಲ್ಲುತ್ತಿದ್ದೆ. ಕೊಡೆಯಿಲ್ಲದ ನನ್ನನ್ನು ಜನ ಕೇಳುತ್ತಿದ್ದರು. ಐತಪ್ಪಣ್ಣನನ್ನು ಹಿಂದಿಟ್ಟುಕೊಂಡು ಒಂಬತ್ತು ಜನರನ್ನು ತಲುಪಿಸಿದೆ. ಐದನೆಯವರ ಹೊತ್ತಿಗೆ ನನಗೆ ಓಣಿಗಳು ಗೊತ್ತಾಗಿದ್ದವು. ಒಂಬತ್ತನೆಯವರು ಒಬ್ಬ ಹೊಸ ಮದುವೆಯ ಹುಡುಗಿ, ತವರಿನಿಂದ ಬಂದವಳು, ದಾರಿಯುದ್ದಕ್ಕೂ ಅಳುತ್ತಿದ್ದಳು. ಅವಳ ಜೊತೆ ನಡೆಯುವಾಗ ನನ್ನ ಅಕ್ಕ ಮೊದಲ ಸಲ ಈ ಬೀದಿಯಲ್ಲಿ ಹೇಗೆ ನಡೆದಿದ್ದಳೋ ಎಂದು ಅನ್ನಿಸಿತು.

ಹನ್ನೆರಡನೆಯ ದಿನ ಹಡಗು ಹತ್ತುವಾಗ ತಿಳಿದದ್ದು ಇನ್ನೊಂದು ಸಂಗತಿ. ಬಂದರಿನ ಊರಲ್ಲಿ ಹುಟ್ಟಿ ಬೆಳೆದ ಐತಪ್ಪಣ್ಣ ನದಿಯ ಲಾಂಚು ಬಿಟ್ಟರೆ ಕಡಲಿನ ಹಡಗಿಗೆ ಕಾಲಿಟ್ಟವರೇ ಅಲ್ಲ. ಕಟ್ಟೆ ಬಿಟ್ಟ ಅರ್ಧ ಗಂಟೆಗೆ ಶುರುವಾದ ವಾಂತಿ ನಡುಗಡ್ಡೆ ಕಾಣುವವರೆಗೂ ನಿಲ್ಲಲಿಲ್ಲ. ನಾನು ತಲೆ ಹಿಡಿದುಕೊಂಡಿದ್ದೆ. "ಇನ್ನು ಜನ್ಮದಲ್ಲಿ ಸ್ಪ್ರಿಂಗ್ ನೋಡುವುದಿಲ್ಲ ಮಾರಾಯ" ಎಂದು ನಡುನಡುವೆ ನರಳುತ್ತಿದ್ದರು. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಬೆಳಿಗ್ಗೆ ಹಡಗು ನಿಂತಿತು. ಬೋಳು ಬಂಡೆ, ಮೇಲೆ ಬಿಳಿಯ ದೀಪಸ್ತಂಭ, ಅದರ ಬುಡದಲ್ಲಿ ಒಂದೇ ಮನೆ, ಅಲ್ಲಿಗೆ ಒಂದೇ ಕಾಲುದಾರಿ. ಸಾಮಾನು ಇಳಿಸಿಕೊಳ್ಳಲು ಬಂದು ನಿಂತಿದ್ದಳು ಅಕ್ಕ. ತಲೆಯಲ್ಲಿ ನಾಲ್ಕು ಬಿಳಿ ಕೂದಲು, ಉಳಿದದ್ದೆಲ್ಲ ಅದೇ. ನನ್ನನ್ನು ನೋಡಿ ಅವಳ ಕೈಯ ಚೀಲ ಅಲ್ಲಾಡಲಿಲ್ಲ. ಮುಖ ಕಲ್ಲಾಯಿತು. "ಯಾಕೆ ಬಂದೆ?" ಎಂದಳು. "ನಿಮ್ಮ ಮನೇಲಿ ನನ್ನ ಹೆಸರು ಹೇಳೋರು ಯಾರೂ ಉಳಿದಿಲ್ಲ ಅಂತ ನೀನೇ ಬರ್ದಿದ್ಯಲ್ಲ." ಏಳು ವರ್ಷದ ಹಿಂದಿನ ಕಾಗದ ಒಂದಕ್ಷರ ಬಿಡದೆ ಅವಳಿಗೆ ನೆನಪಿತ್ತು. ನಾನು ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಹನ್ನೊಂದು ದಿನ ಕಾದು, ಕಡಲು ದಾಟಿ, ಅವಳೆದುರು ಮೂಗನ ಹಾಗೆ ನಿಂತೆ.

ಏಣಿಯ ಕಂಬ ಹಿಡಿದು ನಿಂತಿದ್ದ ಐತಪ್ಪಣ್ಣ ಬಾಯಿ ಒರೆಸಿಕೊಂಡು ಮುಂದೆ ಬಂದರು. ನೆಟ್ಟಗೆ ನಿಂತರು. ಊರಿನ ಕ್ರಮದಂತೆ ದೊಡ್ಡ ದನಿಯಲ್ಲಿ ಹೇಳಿದರು: "'ಸ್ವಾಮೀ, ನಮ್ಮ ಪದ್ದಕ್ಕನ ಹತ್ರ ನನ್ನ ಕರ್ಕೊಂಡು ಹೋಗ್ತೀರಾ' ಅಂತ ಕೇಳಿದ್ರು. ತಲುಪಿಸಿದೆ."

ಅಕ್ಕ ಆ ಊರಿನಲ್ಲಿ ಏಳು ವರ್ಷ ಬಾಳಿದವಳು. ತಲುಪಿಸುವವರು ಕೇಳಿದವರ ಮಾತಿಗೆ ಒಂದಕ್ಷರ ಸೇರಿಸುವ ಹಾಗಿಲ್ಲ, ಬದಲಿಸುವ ಹಾಗಿಲ್ಲ ಎಂದು ಅವಳಿಗೆ ಗೊತ್ತು. ಅವಳು ನನ್ನನ್ನು ಬಿಟ್ಟು ಅವರ ಕಡೆ ತಿರುಗಿದಳು. "ಎಲ್ಲಿ ಕೇಳಿದ?"

"ಗಡಿಯಾರದ ಕಟ್ಟೆಯ ಹತ್ರ. ಹಗಲು ಹನ್ನೊಂದಕ್ಕೆ. ಇಡೀ ಪೇಟೆ ಕೇಳುವ ಹಾಗೆ."

"ಹೆಸರು ಹೇಳಿಯೇ ಕೇಳಿದ್ನಾ?"

"ಹೆಸರು ಹೇಳಿಯೇ. ಎರಡು ಸಲ."

ಚೀಲ ಕೆಳಗೆ ಬಿತ್ತು, ಅಕ್ಕಿ ಚೆಲ್ಲಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಐತಪ್ಪಣ್ಣ ನೀರೂ ಕುಡಿಯಲಿಲ್ಲ, ತಲುಪಿಸಿದವರು ನಿಲ್ಲುವುದಿಲ್ಲ. ನನ್ನ ಬೆನ್ನಿಗೊಂದು ಮೆತ್ತಗೆ ತಟ್ಟಿ, ತಂದಿದ್ದ ಕೊಡೆ ಬಿಚ್ಚಿ ಹಿಡಿದು, ಮತ್ತೆ ಅದೇ ಹಡಗಿನ ಏಣಿ ಹತ್ತಿದರು. ಪಾಪ, ಮುಂದಿನ ವಾಂತಿಗಳನ್ನು ಒಬ್ಬರೇ ಮಾಡಿಕೊಂಡು ಹೋಗಬೇಕಿತ್ತು.

ಅಕ್ಕ ಅಳುತ್ತಿದ್ದಳು, ಆದರೆ ನಿಂತಲ್ಲಿಂದ ಕದಲಲಿಲ್ಲ. ಏಳು ವರ್ಷ ಅವಳು ಆ ಕಂಬದ ಬಳಿ ಏನಕ್ಕಾಗಿ ನಿಂತಿದ್ದಳೆಂದು ಆಗ ನನಗೆ ಹೊಳೆಯಿತು. ಮನೆ ಎದುರಿಗೇ ಕಾಣುತ್ತಿತ್ತು, ತಪ್ಪಿಸಿಕೊಳ್ಳಬೇಕೆಂದರೂ ಬೇರೆ ದಾರಿ ಇರಲಿಲ್ಲ. ಆದರೂ ಕೇಳಿದೆ. "ಅಕ್ಕಾ, ನಿನ್ ಮನೆಗೆ ಹೋಗೋದು ಹೆಂಗೆ?"

ಅವಳು ತಲೆ ಎತ್ತಿದಳು. ಕಣ್ಣೊರೆಸಿಕೊಂಡು ಬಂದು, ಹಿಂದೆ ಸ್ಕೂಲಿಗೆ ಕರೆದೊಯ್ಯುತ್ತಿದ್ದಾಗ ಹಿಡಿಯುತ್ತಿದ್ದ ಹಾಗೆಯೇ ನನ್ನ ಮಣಿಕಟ್ಟು ಹಿಡಿದಳು. "ನಡಿ" ಎಂದಳು. ಹೊಸಲಿನ ಬಳಿ ಬತ್ತಿ ಕತ್ತರಿಸುತ್ತ ಕುಳಿತಿದ್ದ ಭಾವ ಕತ್ತರಿ ಹಿಡಿದುಕೊಂಡೇ ಎದ್ದು ನಿಂತ. ಅಕ್ಕ ಅವನ ಮುಂದೆ ನನ್ನನ್ನು ನಿಲ್ಲಿಸಿ, ಆ ಬೋಳು ಬಂಡೆಯ ಮೇಲೆ ಕೇಳಲು ಬೇರೆ ಯಾರೂ ಇಲ್ಲದಿದ್ದರೂ, ಕಡಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"'ಅಕ್ಕಾ, ನಿನ್ ಮನೆಗೆ ಹೋಗೋದು ಹೆಂಗೆ' ಅಂತ ನನ್ ತಮ್ಮ ಕೇಳ್ದ. ತಲುಪಿಸಿದೆ."